ಲೈಸನ್ಸಿಗೆ ವಯಸ್ಸು ಕೇಳುವವರು ಮಾಲಕನ ಗಡಿಯಾರವನ್ನೂ ಕೇಳಲಿ

ನಮ್ಮ ಕರಾವಳಿಯಲ್ಲಿ ದೊಡ್ಡ ಅಪಘಾತವೊಂದು ನಡೆದ ಮರುದಿನ ಎರಡು ಸಂಗತಿಗಳು ತಪ್ಪದೆ ಜರಗುತ್ತವೆ. ಒಂದು, ಪದವಿಯಲ್ಲಿರುವವರು ಆಸ್ಪತ್ರೆಗೆ ಭೇಟಿ ಕೊಟ್ಟು ಫೋಟೋ ತೆಗೆಸಿಕೊಳ್ಳುವುದು. ಇನ್ನೊಂದು, ಪೇಟೆಯ ಗಣ್ಯರು ಒಂದೆಡೆ ಸೇರಿ, ಡ್ರೈವಿಂಗ್ ಲೈಸನ್ಸು ಕೊಡುವ ವಯಸ್ಸನ್ನು ಏರಿಸಬೇಕೆಂದು ಒಕ್ಕೊರಲಿನಿಂದ ಹೇಳುವುದು. ಹದಿನೆಂಟು ಸಾಲದು, ಇಪ್ಪತ್ತೊಂದಾಗಲಿ ಎನ್ನುವವರುಂಟು. ಬಸ್ಸು ಲಾರಿಗಳಿಗೆ ಇಪ್ಪತ್ತು ಸಾಲದು, ಇಪ್ಪತ್ತೈದಾಗಲಿ, ಜೊತೆಗೆ ಐದು ವರ್ಷದ ಅನುಭವ ಬೇಕು ಎನ್ನುವವರುಂಟು. ಅರುವತ್ತು ದಾಟಿದವನ ಕೈಯಿಂದ ಸ್ಟೇರಿಂಗು ಕಿತ್ತುಕೊಳ್ಳಿ ಎನ್ನುವವರೂ ಉಂಟು. ಇಷ್ಟು ಹೇಳಿ ಚಹಾ ಕುಡಿದು ಎದ್ದರೆ ಅವರ ಕರ್ತವ್ಯ ಮುಗಿಯಿತು.

ಈ ಮಾತುಗಳನ್ನು ನಾವು ನಕ್ಕು ತಳ್ಳಿಹಾಕುವವರಲ್ಲ. ರಸ್ತೆಯಲ್ಲಿ ಸಾಯುವವರು ನಮ್ಮವರೇ. ಕೇಂದ್ರ ಸರಕಾರದ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳ ಮೇಲೆ 1,68,491 ಮಂದಿ ಪ್ರಾಣ ಬಿಟ್ಟರು. ಅವರಲ್ಲಿ ನೂರಕ್ಕೆ ನಾಲ್ವತ್ತನಾಲ್ಕಕ್ಕೂ ಮಿಕ್ಕಿ ದ್ವಿಚಕ್ರದಲ್ಲಿ ಹೋಗುತ್ತಿದ್ದವರು. ನೂರಕ್ಕೆ ಅರುವತ್ತಾರಕ್ಕೂ ಮಿಕ್ಕಿ 18ರಿಂದ 45ರ ನಡುವಿನ, ದುಡಿಯುವ ಪ್ರಾಯದವರು. ಗೇರುಬೀಜದ ಕಾರ್ಖಾನೆಯಲ್ಲಿ ದುಡಿದು ಸಂಜೆ ಹೆದ್ದಾರಿ ದಾಟುವ ಹೆಂಗಸು, ಹೊತ್ತು ಮೂಡುವ ಮೊದಲೇ ಮಲ್ಪೆಯ ದಕ್ಕೆಯಿಂದ ಬೈಕಿನ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಬರುವ ವ್ಯಾಪಾರಿ, ಕಾಪುವಿನಲ್ಲಿ ಬಸ್ಸಿಳಿದು ರಸ್ತೆಯ ಅಂಚಿನಲ್ಲಿ ನಡೆಯುವ ಕೂಲಿಯಾಳು, ಇಂಥವರೇ ಆ ಲೆಕ್ಕದೊಳಗಿರುವವರು. ಆದುದರಿಂದ ಲೈಸನ್ಸಿಗೆ ಕಟ್ಟುನಿಟ್ಟು ಬೇಡವೆಂದು ನಾವು ಹೇಳಲಾರೆವು. ಬೇಕು. ಆದರೆ ಆ ಕಟ್ಟುನಿಟ್ಟು ಯಾರ ಮೇಲೆ, ಯಾರ ಖರ್ಚಿನಲ್ಲಿ, ಯಾರ ಅನುಕೂಲಕ್ಕೆ ಎಂಬ ಪ್ರಶ್ನೆಯನ್ನು ಗಣ್ಯರು ಎತ್ತುವುದಿಲ್ಲವಾದ್ದರಿಂದ ನಾವು ಎತ್ತಬೇಕಾಗಿದೆ.

ಮೊದಲು ಕಾಯಿದೆಯನ್ನು ನೋಡೋಣ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಹದಿನೆಂಟು ತುಂಬದವನು ಸಾರ್ವಜನಿಕ ರಸ್ತೆಯಲ್ಲಿ ಮೋಟಾರು ವಾಹನ ನಡೆಸಕೂಡದು. ಐವತ್ತು ಸಿ.ಸಿ. ಮೀರದ ಮೋಟಾರು ಸೈಕಲಿಗೆ ಮಾತ್ರ ಹದಿನಾರು ಸಾಕು. ಅಂಥ ಬಂಡಿ ಇಂದು ಅಂಗಡಿಯಲ್ಲಿ ಕಾಣಸಿಗುವುದೇ ಅಪರೂಪ. ಸಾರಿಗೆ ವಾಹನಕ್ಕೆ ಇಪ್ಪತ್ತು ವರ್ಷ. ಅದಕ್ಕೆ ಕಲಿಯುವವರ ಲೈಸನ್ಸು ಬೇಕಾದರೆ ಲಘು ಮೋಟಾರು ವಾಹನದ ಲೈಸನ್ಸು ಕನಿಷ್ಠ ಒಂದು ವರ್ಷ ಕೈಯಲ್ಲಿರಬೇಕು. ಅಂದರೆ ವಯಸ್ಸೂ ಉಂಟು, ಅನುಭವವೂ ಉಂಟು, ಎರಡೂ ಕಾಯಿದೆಯಲ್ಲಿ ಆಗಲೇ ಬರೆದಿಟ್ಟಿದೆ. ಹಾಗಾದರೆ ಗಣ್ಯರು ಬೇಡುವುದೇನು? ಅಂಕೆಯನ್ನು ದೊಡ್ಡದು ಮಾಡುವುದು, ಅಷ್ಟೇ.

ಅಂಕೆ ದೊಡ್ಡದಾದ ಮಾತ್ರಕ್ಕೆ ಅನುಭವ ದೊಡ್ಡದಾಗುವುದೇ? ಕಾಯಿದೆಯ ಮಾತನ್ನು ಇನ್ನೊಮ್ಮೆ ಓದಿ. ಒಂದು ವರ್ಷ ವಾಹನ ನಡೆಸಿರಬೇಕೆಂದು ಅದು ಹೇಳುವುದಿಲ್ಲ. ಒಂದು ವರ್ಷ ಲೈಸನ್ಸು ಹೊಂದಿರಬೇಕೆಂದು ಹೇಳುತ್ತದೆ. ಪೆಟ್ಟಿಗೆಯ ತಳದಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟ ಲೈಸನ್ಸಿಗೂ ಒಂದು ವರ್ಷ ತುಂಬುತ್ತದೆ. ಡ್ರೈವಿಂಗ್ ಸ್ಕೂಲಿನ ಹಳೆಯ ಮಾರುತಿಯಲ್ಲಿ ಹತ್ತೋ ಹದಿನೈದೋ ದಿನ ಕುಳಿತು ಪರೀಕ್ಷೆ ಪಾಸಾದ ಹುಡುಗ, ಆ ಮೇಲೆ ಹನ್ನೆರಡು ತಿಂಗಳು ಕಾರನ್ನೇ ಮುಟ್ಟದಿದ್ದರೂ ಕಾನೂನಿನ ಕಣ್ಣಿಗೆ ಅನುಭವಸ್ಥನೇ. ಅವನ ಮನೆಯಲ್ಲಿ ಕಾರಿದ್ದರೆ ತಾನೆ ನಡೆಸುವುದು? ಒಂದನ್ನು ಐದು ಮಾಡಿದರೂ ಕತೆ ಇಷ್ಟೇ. ನಾವು ಮಾಸ್ತರಿಕೆ ಮಾಡಿದವರು. ಮೂರು ವರ್ಷ ಒಂದೇ ಬೆಂಚಿನಲ್ಲಿ ಕುಳಿತ ಹುಡುಗನು ಕೂತದ್ದರಿಂದಲೇ ಮಗ್ಗಿ ಕಲಿತನೆಂದು ಯಾವ ಇನ್ಸ್‌ಪೆಕ್ಟರಿಗೂ ನಾವು ಹೇಳಿದ್ದಿಲ್ಲ.

ಇನ್ನೊಂದು ವಿಚಿತ್ರ ನೋಡಿ. ನಮ್ಮ ಸರಕಾರಿ ಸಾರಿಗೆ ನಿಗಮವು 2020ರಲ್ಲಿ ಚಾಲಕರ ನೇಮಕಾತಿಗೆ ಅರ್ಜಿ ಕರೆದಾಗ ಕೇಳಿದ ಕನಿಷ್ಠ ವಯಸ್ಸು 24. ಭಾರೀ ವಾಹನದ ಲೈಸನ್ಸು ಸಿಕ್ಕಿ ಎರಡು ವರ್ಷವಾಗಿರಬೇಕೆಂದೂ ಕೇಳಿತು. ಒಳ್ಳೆಯದೇ, ನಾವು ಮೆಚ್ಚುತ್ತೇವೆ. ಆದರೆ ಕಾಯಿದೆ ಇಪ್ಪತ್ತಕ್ಕೆ ಲೈಸನ್ಸು ಕೊಡುತ್ತದೆ, ನಿಗಮ ಇಪ್ಪತ್ತನಾಲ್ಕಕ್ಕೆ ಕೆಲಸ ಕೊಡುತ್ತದೆ. ನಡುವಿನ ನಾಲ್ಕು ವರ್ಷ ಆ ಹುಡುಗ ಎಲ್ಲಿರುತ್ತಾನೆ? ಕಾರ್ಕಳದ ಕಲ್ಲಿನ ಕೋರೆಯ ಟಿಪ್ಪರಿನಲ್ಲಿ, ಮರಳಿನ ಲಾರಿಯಲ್ಲಿ, ಮಲ್ಪೆಯಿಂದ ರಾತ್ರೋರಾತ್ರಿ ಕೇರಳಕ್ಕೆ ಮೀನು ಒಯ್ಯುವ ಗಾಡಿಯಲ್ಲಿ, ಖಾಸಗಿ ಬಸ್ಸಿನಲ್ಲಿ. ಸರಕಾರಕ್ಕೆ ಬೇಕಾದ ಅನುಭವವನ್ನು ಅವನು ನಿಮ್ಮ ನಮ್ಮ ಮಕ್ಕಳು ಶಾಲೆಗೆ ಹೋಗುವ ರಸ್ತೆಯ ಮೇಲೆ, ಟ್ರಿಪ್ಪಿನ ಲೆಕ್ಕದ ಕೂಲಿಗೆ, ಯಾರೂ ಪಕ್ಕದಲ್ಲಿ ಕುಳಿತು ಕಲಿಸದೆ ಸಂಪಾದಿಸುತ್ತಾನೆ. ಕಲಿತವನನ್ನು ಸರಕಾರ ಆರಿಸಿಕೊಳ್ಳುತ್ತದೆ. ಕಲಿಯುವ ಮೊದಲೇ ಕೆಟ್ಟವನ ಸುದ್ದಿ ಪತ್ರಿಕೆಯ ಮೂರನೆಯ ಪುಟದಲ್ಲಿ ಬರುತ್ತದೆ.

ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಹೊಸಬನಿಗೆ ಅಪಾಯ ಹೆಚ್ಚು ಎಂಬುದು ಸುಳ್ಳಲ್ಲ. ಲೈಸನ್ಸು ಕೈಗೆ ಬಂದ ಮೊದಲ ತಿಂಗಳುಗಳೇ ಅತ್ಯಂತ ಅಪಾಯದವು ಎಂಬುದನ್ನು ಹಲವು ದೇಶಗಳ ಅನುಭವ ತೋರಿಸಿದೆ. ನಲ್ವತ್ತರಲ್ಲಿ ಕಲಿತವನಿಗೂ ಈ ಮಾತು ಸಲ್ಲುತ್ತದೆ. ಆದರೆ ಆ ದೇಶಗಳು ಮಾಡಿದ್ದೇನು? ನ್ಯೂಜಿಲೆಂಡ್ 1987ರಲ್ಲಿ ಲೈಸನ್ಸನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಡುವ ಪದ್ಧತಿ ತಂದಿತು. ಮೊದಲ ಮೆಟ್ಟಿಲಲ್ಲಿ ಪಕ್ಕದಲ್ಲಿ ಅನುಭವಸ್ಥ ಕುಳಿತಿರಬೇಕು. ಎರಡನೆಯದರಲ್ಲಿ ಒಬ್ಬನೇ ನಡೆಸಬಹುದು, ಆದರೆ ರಾತ್ರಿ ಹತ್ತರಿಂದ ಬೆಳಗಿನ ಐದರ ತನಕ ಒಂಟಿಯಾಗಿ ನಡೆಸಕೂಡದು, ಗೆಳೆಯರನ್ನು ತುಂಬಿಕೊಂಡು ಹೋಗಕೂಡದು. ಮೂರನೆಯದು ಪೂರ್ಣ ಲೈಸನ್ಸು. ಬ್ರಿಟನ್ನಿನಲ್ಲಿ 1995ರ ಕಾಯಿದೆಯಂತೆ ಹೊಸಬನು ಮೊದಲ ಎರಡು ವರ್ಷದೊಳಗೆ ಆರು ದಂಡಾಂಕ ಗಳಿಸಿದರೆ ಲೈಸನ್ಸು ಹೋಯಿತು, ಮತ್ತೆ ಮೊದಲಿನಿಂದ ಕಲಿಯಬೇಕು. ಇದು ಅನುಭವಕ್ಕೆ ಬೆಲೆ ಕೊಡುವ ರೀತಿ. ಹುಡುಗನ ಮುಂದೆ ಬಾಗಿಲು ಮುಚ್ಚುವುದಿಲ್ಲ, ಅವನನ್ನು ಬೆಂಕಿಗೂ ದೂಡುವುದಿಲ್ಲ. ನಮ್ಮಲ್ಲಿ ಇಂಥ ಮೆಟ್ಟಿಲು ಬರಲಿ ಎಂದು ಒತ್ತಾಯಿಸುವವರಲ್ಲಿ ನಾವೇ ಮುಂದೆ ನಿಲ್ಲುತ್ತೇವೆ.

ಮಣಿಪಾಲಕ್ಕೆ ಬನ್ನಿ. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದ ಆ ಬೋಳುಗುಡ್ಡ ಇಂದು ದೇಶದ ಮೂಲೆಮೂಲೆಯ ಸಿರಿವಂತರ ಮಕ್ಕಳು ಓದುವ ಪಟ್ಟಣ. ರಾತ್ರಿ ಹನ್ನೊಂದರ ಮೇಲೆ ಟೈಗರ್ ಸರ್ಕಲಿನಿಂದ ಎಂಡ್ ಪಾಯಿಂಟಿನ ಕಡೆಗೆ ಹೋಗುವ ಬೈಕುಗಳ ಸದ್ದನ್ನು ಅಲ್ಲಿನ ವಾರ್ಡುಗಳ ಮುದುಕರನ್ನು ಕೇಳಿ. ಅದೇ ರಸ್ತೆಯಲ್ಲಿ ಅದೇ ಹೊತ್ತಿಗೆ ಬೆನ್ನಿಗೆ ಊಟದ ಚೀಲ ಕಟ್ಟಿಕೊಂಡು, ಕಂಪೆನಿಯ ಫೋನಿನಲ್ಲಿ ನಿಮಿಷ ಎಣಿಸುತ್ತ ಓಡುವ ನಮ್ಮ ಪರ್ಕಳದ, ಹಿರಿಯಡಕದ ಹುಡುಗನೂ ಇದ್ದಾನೆ. ಇಬ್ಬರಿಗೂ ಪ್ರಾಯ ಇಪ್ಪತ್ತೇ. ಇಬ್ಬರ ಲೈಸನ್ಸೂ ಒಂದೇ. ಒಬ್ಬನು ಮೋಜಿಗೆ ಓಡುತ್ತಾನೆ, ಇನ್ನೊಬ್ಬನು ತಡವಾದರೆ ರೇಟಿಂಗು ಹೋಗುತ್ತದೆಂದು ಓಡುತ್ತಾನೆ. ಲೈಸನ್ಸಿನ ವಯಸ್ಸನ್ನು ಇಪ್ಪತ್ತೊಂದಕ್ಕೆ ಏರಿಸಿದರೆ ಮೊದಲನೆಯವನು ಕಾರಿನ ಹಿಂದಿನ ಸೀಟಿಗೆ ಹೋದಾನು. ಎರಡನೆಯವನು ಮನೆಗೆ ಹೋಗುತ್ತಾನೆ, ಬರಿಗೈಯಲ್ಲಿ. ಮೆಟ್ಟಿಲಿನ ಲೈಸನ್ಸಿನಲ್ಲಿ ರಾತ್ರಿಯ ನಿರ್ಬಂಧ ಬರುವುದಾದರೆ, ದುಡಿಮೆಗಾಗಿ ಓಡುವವನಿಗೆ ಅದೇ ಕೆಲಸ ಹಗಲಲ್ಲಿ ಸಿಗುವಂತೆ ನೋಡಿಕೊಳ್ಳುವ ಹೊಣೆ ಅವನನ್ನು ಓಡಿಸುವ ಕಂಪೆನಿಯ ಮೇಲಿರಬೇಕು. ಹಾಗೆ ಬರೆಯದ ಯಾವ ನಿಯಮವನ್ನೂ ನಾವು ಒಪ್ಪಲಾರೆವು.

ಇನ್ನು ಹದಿನೆಂಟರ ಒಳಗಿನವರ ವಿಷಯ. ಇಲ್ಲಿ ವ್ಯಾಪಾರಿ ಮಿತ್ರರಿಗೆ ಕಹಿಯಾದರೂ ಒಂದು ಮಾತು. ಅಂಗಡಿಯ ಸಾಮಾನು ಮನೆಮನೆಗೆ ಮುಟ್ಟಿಸಲು ಹತ್ತನೆಯ ತರಗತಿಯ ಮಗನ ಕೈಗೆ ಸ್ಕೂಟರು ಕೊಡುತ್ತೀರಿ. ಪೇಟೆಯೊಳಗೆ ಮಾತ್ರ ತಾನೆ, ಯಾರು ಹಿಡಿಯುತ್ತಾರೆ ಎನ್ನುತ್ತೀರಿ. 2019ರ ತಿದ್ದುಪಡಿಯ ಮೇಲೆ ಈ ಮಾತು ನಡೆಯದು. ಅಪ್ರಾಪ್ತನು ವಾಹನ ನಡೆಸಿ ಅಪರಾಧವೆಸಗಿದರೆ ತಂದೆಗೋ ಪೋಷಕನಿಗೋ ವಾಹನದ ಮಾಲಕನಿಗೋ ಮೂರು ವರ್ಷದ ತನಕ ಸೆರೆ ಮತ್ತು 25,000 ರೂಪಾಯಿ ದಂಡ. ಆ ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವ ತನಕ ಲೈಸನ್ಸಿಲ್ಲ. ಇಪ್ಪತ್ತೈದು ಸಾವಿರವೆಂದರೆ ಬಂಗಲೆಯವರಿಗೆ ಒಂದು ವಾರಾಂತ್ಯದ ಹೋಟೆಲ್ ಖರ್ಚು. ನಿಮಗೆ ಎಷ್ಟು ತಿಂಗಳ ಲಾಭವೆಂದು ನಿಮಗೇ ಗೊತ್ತು. ದಂಡ ಎಲ್ಲರಿಗೂ ಒಂದೇ ಎಂಬ ಸಮಾನತೆ ಬಡವನ ಪಾಲಿಗೆ ಸಮಾನತೆಯಲ್ಲ ಎಂಬುದು ನಿಜ. ಆದರೂ ಈ ಕಲಮಿನ ವಿರುದ್ಧ ನಾವು ಕೂಗೆಬ್ಬಿಸುವುದಿಲ್ಲ. ಹದಿನೈದರ ಮಗುವಿನ ಹೆಣದ ಮುಂದೆ ದಂಡದ ಲೆಕ್ಕ ಮಾಡಲು ಮನಸ್ಸು ಬಾರದು.

ಕೂಗೆಬ್ಬಿಸುವುದು ಬೇರೆ ಕಾರಣಕ್ಕೆ. ಎಸ್ಸೆಸ್ಸೆಲ್ಸಿ ಮುಗಿಸಿ ಪಿ.ಯು.ಸಿ.ಗೆ ಸೇರುವಾಗ ಹುಡುಗನಿಗೆ ಹದಿನಾರು. ಲೈಸನ್ಸಿಗೆ ಹದಿನೆಂಟು. ನಡುವಿನ ಎರಡು ವರ್ಷ ಅವನು ಕಾಲೇಜಿಗೆ ಹೋಗಬೇಕೋ ಬೇಡವೋ? ಬೈಲೂರಿನ ಒಳಗಿನ ಊರಿನಿಂದ, ಶಿರ್ವದ ಆಚೆಯಿಂದ, ಮಾಳದ ಬುಡದಿಂದ ಬೆಳಿಗ್ಗೆ ಒಂದು ಬಸ್ಸು ತಪ್ಪಿದರೆ ಮೊದಲ ತರಗತಿ ತಪ್ಪಿತು. ಸಂಜೆ ಲ್ಯಾಬು ಮುಗಿಸಿ ಬರುವಾಗ ಕೊನೆಯ ಬಸ್ಸು ಹೋಗಿರುತ್ತದೆ. ತಂದೆ ಸಾಲ ಮಾಡಿ ಸ್ಕೂಟರು ತೆಗೆಸಿಕೊಡುತ್ತಾನೆ, ಮಗನು ಲೈಸನ್ಸಿಲ್ಲದೆ ಒಳದಾರಿಯಲ್ಲಿ ಓಡಿಸುತ್ತಾನೆ, ಪೊಲೀಸು ಬೀಡಿನಗುಡ್ಡೆಯಲ್ಲೋ ಜೋಡುರಸ್ತೆಯಲ್ಲೋ ಹಿಡಿಯುತ್ತಾನೆ. ಅಪರಾಧಿ ತಂದೆ. ಬಸ್ಸು ಬಿಡದವನು ಅಪರಾಧಿಯಲ್ಲ!

ಬಸ್ಸಿನ ಮಾತು ಬಂದಾಗ ನಮ್ಮ ಜಿಲ್ಲೆಯ ವಿಶೇಷವನ್ನು ಹೇಳಲೇಬೇಕು. 1956ರ ನವೆಂಬರಿನಲ್ಲಿ ಮದರಾಸು ಪ್ರಾಂತದಿಂದ ಮೈಸೂರು ರಾಜ್ಯಕ್ಕೆ ಬಂದ ದಕ್ಷಿಣ ಕನ್ನಡದಲ್ಲಿ ಖಾಸಗಿ ಬಸ್ಸುಗಳೇ ಬೇರೂರಿದ್ದವು. ರಾಜ್ಯದ ಉಳಿದೆಡೆ ಸರಕಾರದ ಬಸ್ಸು ಹಬ್ಬಿದರೂ ಇಲ್ಲಿ ಮಾಲಕರ ಬಸ್ಸೇ ಉಳಿಯಿತು. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾದ ಮೇಲೂ ಅದೇ. ಇದೇ ಊರಿನಲ್ಲಿ ಹುಟ್ಟಿದ ಎರಡು ಬ್ಯಾಂಕುಗಳನ್ನು ಸರಕಾರ ಒಂದನ್ನು 1969ರಲ್ಲಿ, ಇನ್ನೊಂದನ್ನು 1980ರಲ್ಲಿ ತನ್ನದಾಗಿಸಿಕೊಂಡಿತು. ಬಸ್ಸಿನ ತಂಟೆಗೆ ಬರಲಿಲ್ಲ. (ಆ ಬ್ಯಾಂಕುಗಳ ಹೆಸರನ್ನೂ 2020ರಲ್ಲಿ ಅಳಿಸಿದ್ದು ಬೇರೆಯೇ ದುಃಖ.) 2023ರ ಜೂನಿನಲ್ಲಿ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೇಟಿಲ್ಲದ ಪ್ರಯಾಣ ಬಂದಾಗ ಮಂಡ್ಯದ, ಹಾಸನದ ಹೆಣ್ಣುಮಕ್ಕಳು ಬಸ್ಸು ಹತ್ತಿದರು. ನಮ್ಮ ಬೀಡಿ ಕಟ್ಟುವ ಹೆಂಗಸು ಸರಕಾರಿ ಬಸ್ಸನ್ನು ಹುಡುಕುತ್ತ ನಿಂತಳು. ಖಾಸಗಿ ಬಸ್ಸು ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಸರಕಾರಿ ಬಸ್ಸು ಕಾಲಿಡದ ಎಷ್ಟೋ ಹಳ್ಳಿಗೆ ದಶಕಗಟ್ಟಲೆ ಜನರನ್ನು ಮುಟ್ಟಿಸಿದ್ದು ಅದೇ. ಆದರೆ ಲಾಭದ ಬಸ್ಸು ಲಾಭವಿಲ್ಲದ ಹೊತ್ತಿಗೆ ಓಡುವುದಿಲ್ಲ. ಲಾಭವಿರುವ ಹೊತ್ತಿಗೆ ಬೇಕಾದ್ದಕ್ಕಿಂತ ಜೋರಾಗಿ ಓಡುತ್ತದೆ.

ಈ ಜೋರಿನ ಗುಟ್ಟು ಡ್ರೈವರನ ಪ್ರಾಯದಲ್ಲಿಲ್ಲ. ಉಡುಪಿಯ ಸರ್ವಿಸ್ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತು ನೋಡಿ. ಟೈಮ್ ಕೀಪರ್ ಎಂಬೊಬ್ಬನು ಪುಸ್ತಕ ಹಿಡಿದು ನಿಂತಿರುತ್ತಾನೆ. ಮಂಗಳೂರಿನ ಎಕ್ಸ್‌ಪ್ರೆಸ್ಸು ಹೊರಟ ಕೆಲವೇ ನಿಮಿಷಕ್ಕೆ ಇನ್ನೊಬ್ಬ ಮಾಲಕನ ಎಕ್ಸ್‌ಪ್ರೆಸ್ಸು ಅದರ ಬೆನ್ನಿಗೆ. ಕಾಪುವಿನಲ್ಲಿ, ಉಚ್ಚಿಲದಲ್ಲಿ, ಪಡುಬಿದ್ರೆಯಲ್ಲಿ ಕಾದು ನಿಂತ ಜನ ಯಾರಿಗೆ ಮೊದಲು ಸಿಗುತ್ತಾರೋ ಅವರಿಗೆ ಕಲೆಕ್ಷನ್ನು. ಎರಡು ನಿಮಿಷ ತಡವಾದರೆ ಹಿಂದಿನವನು ಮುಂದೆ ಬಂದ, ಜನ ಅವನದಾದರು. ಸಂಜೆ ಲೆಕ್ಕ ಒಪ್ಪಿಸುವಾಗ ಮಾಲಕರ ಮುಖ ಕಪ್ಪಾಗುತ್ತದೆ. "ಎಂತ ಮಾರಾಯ, ಇವತ್ತು ಬಸ್ಸು ಎಳಕೊಂಡು ಬಂದದ್ದಾ?" ಎಂಬ ಒಂದು ಮಾತಿಗೆ ನಾಳೆ ಕಾಲು ಆಕ್ಸಿಲೇಟರಿನ ಮೇಲೆ ಇನ್ನಷ್ಟು ಗಟ್ಟಿಯಾಗಿ ಊರುತ್ತದೆ. ಆ ಕಾಲಿಗೆ ಇಪ್ಪತ್ತಾದರೂ ಒಂದೇ, ಐವತ್ತಾದರೂ ಒಂದೇ. ನಿಜ ಹೇಳಬೇಕಾದರೆ ಮೂವತ್ತು ವರ್ಷದ ಅನುಭವವಿದ್ದವನು ಇನ್ನೂ ಚೆನ್ನಾಗಿ ಸಂದಿಯಲ್ಲಿ ನುಗ್ಗಬಲ್ಲ, ಅಷ್ಟೇ ವ್ಯತ್ಯಾಸ.

ಕೇಂದ್ರದ ಅದೇ 2022ರ ವರದಿ, ಸತ್ತವರಲ್ಲಿ ನೂರಕ್ಕೆ 71 ಮಂದಿ ಅತಿವೇಗದಿಂದ ಸತ್ತರೆಂದು ಬರೆದಿದೆ. ಅತಿವೇಗ ಎಂಬ ಕಾಲಮಿನಲ್ಲಿ ಸಂಖ್ಯೆ ತುಂಬಿದ ಗುಮಾಸ್ತನು, ಆ ವೇಗ ಯಾರಿಗೆ ಬೇಕಾಗಿತ್ತು ಎಂಬ ಇನ್ನೊಂದು ಕಾಲಮನ್ನು ಎಳೆಯಲಿಲ್ಲ. ಎಳೆದಿದ್ದರೆ ಅದರಲ್ಲಿ ಬಸ್ಸಿನ ಮಾಲಕ, ಟಿಪ್ಪರಿನ ಗುತ್ತಿಗೆದಾರ, ಹತ್ತು ನಿಮಿಷದಲ್ಲಿ ಮುಟ್ಟಿಸುವೆನೆಂದು ಜಾಹೀರಾತು ಕೊಡುವ ಕಂಪೆನಿ, ಇವರ ಹೆಸರುಗಳು ಬರುತ್ತಿದ್ದವು.

ಬಸ್ಸಿನ ಓಟದ ವೇಳೆ ದೇವರು ಬರೆದದ್ದಲ್ಲ. ಪರ್ಮಿಟ್ಟಿನೊಂದಿಗೆ ವೇಳಾಪಟ್ಟಿಯನ್ನು ಗೊತ್ತುಮಾಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು. ಉಡುಪಿಯಿಂದ ಕಾರ್ಕಳಕ್ಕೆ, ಕಾರ್ಕಳದಿಂದ ಬೆಳ್ಮಣ್ಣಿನ ಮೇಲೆ ಪಡುಬಿದ್ರೆಗೆ ಎಷ್ಟು ನಿಮಿಷ ಎಂಬುದು ಅವರ ರುಜುವಿನಿಂದ ನಡೆಯುವ ವಿಷಯ. ರಸ್ತೆಯಲ್ಲಿ ವಾಹನ ಎಷ್ಟು ಪಟ್ಟು ಹೆಚ್ಚಿತು! ಅಂಬಲಪಾಡಿಯ, ಸಂತೆಕಟ್ಟೆಯ ಕೂಡುರಸ್ತೆಗಳ ಅವಸ್ಥೆ, ವರ್ಷಗಟ್ಟಲೆ ಅರೆಬರೆಯಾಗಿ ನಿಂತಿದ್ದ ಇಂದ್ರಾಳಿಯ ಸೇತುವೆ, ಕಲ್ಸಂಕದಲ್ಲಿ ಮೈಲುದ್ದದ ಸಾಲು, ಇವೆಲ್ಲದರಲ್ಲಿ ಕಳೆದುಹೋದ ನಿಮಿಷಗಳನ್ನು ಡ್ರೈವರನು ಎಲ್ಲಿಂದ ತರಬೇಕು? ಖಾಲಿ ಸಿಕ್ಕ ತುಂಡು ರಸ್ತೆಯಲ್ಲಿ ತರುತ್ತಾನೆ. ಆ ತುಂಡು ರಸ್ತೆಯಲ್ಲೇ ನಮ್ಮ ಹೆಂಗಸು ದಾಟುತ್ತಿರುತ್ತಾಳೆ. ಸಾರಿಗೆ ವಾಹನಗಳಿಗೆ ಗಂಟೆಗೆ 80 ಕಿಲೋಮೀಟರಿಗೆ ಕಟ್ಟಿದ ವೇಗ ನಿಯಂತ್ರಕ ಬೇಕೆಂದು 2015ರಲ್ಲೇ ನಿಯಮವಾಯಿತು, ಶಾಲೆಯ ಬಸ್ಸಿಗೂ ಟಿಪ್ಪರಿಗೂ 60. ಇಂಜಿನಿಗೆ ಕಡಿವಾಣ ಹಾಕಿ ಗಡಿಯಾರವನ್ನು ಹಾಗೇ ಬಿಟ್ಟರೆ ಕಡಿವಾಣವನ್ನು ಬಿಚ್ಚುವ ಮೆಕ್ಯಾನಿಕನು ಹುಟ್ಟಿಕೊಳ್ಳುತ್ತಾನೆ.

ದುಡಿಮೆಯ ಗಂಟೆಯ ಮಾತೂ ಹೀಗೆಯೇ. 1961ರಲ್ಲಿ ಪಾರ್ಲಿಮೆಂಟು ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯನ್ನು ಮಾಡಿ ದಿನಕ್ಕೆ ಎಂಟು, ವಾರಕ್ಕೆ ನಲ್ವತ್ತೆಂಟು ಗಂಟೆ ಎಂದು ಗೊತ್ತುಮಾಡಿತು. ಐದು ಗಂಟೆ ನಡೆಸಿದರೆ ಅರ್ಧ ಗಂಟೆ ವಿಶ್ರಾಂತಿ ಎಂದಿತು. ಆ ಕಾಯಿದೆಯನ್ನು 2020ರ ಕಾರ್ಮಿಕ ಸಂಹಿತೆಯ ಹೊಟ್ಟೆಯೊಳಗೆ ಸೇರಿಸಲಾಯಿತು. ಕಾಯಿದೆಯಾಗಿದ್ದಾಗಲೂ ನಮ್ಮ ರೂಟುಗಳಲ್ಲಿ ಎಷ್ಟು ಮಂದಿ ಅದರ ಮುಖ ಕಂಡರು? ಬೆಳಕು ಹರಿಯುವ ಮೊದಲು ಶೆಡ್ಡಿನಿಂದ ಹೊರಟ ಬಸ್ಸನ್ನು ಕತ್ತಲಾದ ಮೇಲೆ ಅದೇ ಮನುಷ್ಯನು ಶೆಡ್ಡಿಗೆ ಸೇರಿಸುವುದು ಗುಟ್ಟಿನ ಸಂಗತಿಯಲ್ಲ. ಹನ್ನೆರಡನೆಯ ಗಂಟೆಯಲ್ಲಿ ಇಪ್ಪತ್ತೈದರ ಯುವಕನ ಕಣ್ಣೂ ಎಪ್ಪತ್ತರ ಮುದುಕನ ಕಣ್ಣಾಗುತ್ತದೆ. ಲೈಸನ್ಸಿನ ವಯಸ್ಸನ್ನು ಅಳೆಯುವ ಮಹಾಶಯರು ಈ ವಯಸ್ಸನ್ನೂ ಅಳೆಯಲಿ.

ಎರಡು ದುರಂತಗಳನ್ನು ಇಲ್ಲಿ ನೆನೆಯಲೇಬೇಕು. 2016ರ ಜೂನ್ 21ರಂದು ತ್ರಾಸಿಯ ಬಳಿ ಶಾಲಾ ಮಕ್ಕಳ ಓಮ್ನಿಗೂ ಖಾಸಗಿ ಬಸ್ಸಿಗೂ ಡಿಕ್ಕಿಯಾಗಿ ಎಂಟು ಮಕ್ಕಳು ಹೋದರು. ಆ ಓಮ್ನಿಯಲ್ಲಿ ಆಸನಕ್ಕೆ ಮೀರಿ ಮಕ್ಕಳಿದ್ದರು. ಯಾಕಿದ್ದರು? ಸುರಕ್ಷಿತ ಬಸ್ಸಿನ ಬಾಡಿಗೆ ಕೊಡಲಾರದ ತಂದೆತಾಯಿಗಳಿಗೆ ಎಟಕುವುದು ಓಮ್ನಿಯೇ. 2020ರ ಫೆಬ್ರುವರಿ 15ರಂದು ಮೈಸೂರಿನಿಂದ ಪ್ರವಾಸ ಬಂದ ಬಸ್ಸು ಕಾರ್ಕಳದ ಮಾಳದ ಘಾಟಿಯಲ್ಲಿ ಬಂಡೆಗೆ ಅಪ್ಪಳಿಸಿ ಒಂಬತ್ತು ಮಂದಿ ದುಡಿಯುವ ಪ್ರಾಯದವರು ಸತ್ತರು. ಆ ಡ್ರೈವರನ ತಪ್ಪೊಪ್ಪುಗಳನ್ನು ನಾವು ಇಲ್ಲಿ ಕುಳಿತು ತೀರ್ಮಾನಿಸುವುದಿಲ್ಲ. ಆದರೆ ಕೇಳುತ್ತೇವೆ: ಆಗುಂಬೆಯ ಹದಿನಾಲ್ಕು ತಿರುವು ಎಲ್ಲಿ, ಪರೀಕ್ಷೆಯ ಸಮತಟ್ಟು ಮೈದಾನ ಎಲ್ಲಿ? ಉತ್ತರಾಖಂಡದಲ್ಲಿ ಬೆಟ್ಟದ ದಾರಿಯಲ್ಲಿ ಬಾಡಿಗೆ ವಾಹನ ನಡೆಸಲು ಲೈಸನ್ಸಿನ ಮೇಲೆ ಪ್ರತ್ಯೇಕ ಒಪ್ಪಿಗೆ ಬೇಕು. ಸಹ್ಯಾದ್ರಿಯ ಬುಡದಲ್ಲಿರುವ ನಮಗೂ ಅದು ಬೇಡವೇ? ಮೈದಾನದಲ್ಲಿ ಹತ್ತು ವರ್ಷ ನಡೆಸಿದವನೂ ಘಾಟಿಯಲ್ಲಿ ಹೊಸಬನೇ. ಅನುಭವವೆಂದರೆ ಇದನ್ನು ಕೇಳಬೇಕು, ಹುಟ್ಟಿದ ತಾರೀಕನ್ನಲ್ಲ.

ನಿರ್ಬಂಧಗಳಿಂದ ಲಾಭ ಪಡೆಯುವ ಇನ್ನೊಬ್ಬ ಸದ್ಗೃಹಸ್ಥನಿದ್ದಾನೆ. ಗಣ್ಯರ ಸಭೆಗೆ ಅವನು ಬರುವುದಿಲ್ಲ, ಕೋರ್ಟಿಗೆ ಬರುತ್ತಾನೆ. ಅವನೇ ವಿಮಾ ಕಂಪೆನಿ. ಲಘು ವಾಹನದ ಲೈಸನ್ಸಿದ್ದ ಡ್ರೈವರನು ಸಣ್ಣ ಗೂಡ್ಸ್ ಗಾಡಿಯನ್ನೋ ಬಾಡಿಗೆ ಕಾರನ್ನೋ ನಡೆಸಿ ಅಪಘಾತವಾದರೆ, ಸಾರಿಗೆ ವಾಹನದ ಪ್ರತ್ಯೇಕ ಒಪ್ಪಿಗೆ ಅವನಲ್ಲಿರಲಿಲ್ಲ, ಆದುದರಿಂದ ಪರಿಹಾರ ಕೊಡೆವು ಎಂದು ಕಂಪೆನಿಗಳು ವರ್ಷಗಟ್ಟಲೆ ವಾದಿಸಿದವು. ಸತ್ತವನ ವಿಧವೆ ಕೋರ್ಟಿನ ಜಗಲಿಯಲ್ಲಿ ಕಾದಳು. 2017ರಲ್ಲಿ ಸುಪ್ರೀಂ ಕೋರ್ಟು ಡ್ರೈವರನ ಪರವಾಗಿ ಹೇಳಿತು. ಕಂಪೆನಿಗಳು ಬಿಡಲಿಲ್ಲ. 2024ರ ನವೆಂಬರಿನಲ್ಲಿ ಐದು ಮಂದಿ ನ್ಯಾಯಮೂರ್ತಿಗಳ ಪೀಠವು ಅದನ್ನೇ ಸ್ಥಿರಪಡಿಸಿತು: 7,500 ಕಿಲೋ ಮೀರದ ಸಾರಿಗೆ ವಾಹನಕ್ಕೆ ಲಘು ವಾಹನದ ಲೈಸನ್ಸೇ ಸಾಕು. ಇಂಥ ಡ್ರೈವರರಿಂದ ಅಪಘಾತ ಹೆಚ್ಚಿತೆಂಬುದಕ್ಕೆ ಅಂಕೆಸಂಖ್ಯೆಯ ಆಧಾರವನ್ನು ಯಾರೂ ತೋರಿಸಲಿಲ್ಲವೆಂದೂ ಪೀಠ ಹೇಳಿತು. ಕಾರ್ಕಳದ ಸಂತೆಗೆ ತರಕಾರಿ ತರುವ ಪಿಕಪ್ಪಿನವನು, ಕಾಪುವಿನ ಐಸಿನ ಗಾಡಿಯವನು, ಮಣಿಪಾಲದ ಬಾಡಿಗೆ ಕಾರಿನವನು ಅಂದು ನಿಶ್ಚಿಂತೆಯಿಂದ ಉಸಿರಾಡಿದರು. ನಾಳೆ ಯಾರಾದರೂ ಅನುಭವದ ಹೆಸರಿನಲ್ಲಿ ಹೊಸ ಷರತ್ತು ತಂದರೆ, ಷರತ್ತು ಮುರಿದರೂ ಸತ್ತವನ ಮನೆಯವರಿಗೆ ಪರಿಹಾರ ತಪ್ಪಕೂಡದು ಎಂಬ ವಾಕ್ಯ ಅದೇ ಪುಟದಲ್ಲಿರಬೇಕು.

ತರಬೇತಿಯ ವಿಷಯದಲ್ಲಿ ಸರಕಾರದ ನಡೆ ಇನ್ನೂ ಸೊಗಸಾಗಿದೆ. ಸಾರಿಗೆ ವಾಹನದ ಡ್ರೈವರನು ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮವೊಂದಿತ್ತು. ದೇಶಕ್ಕೆ 22 ಲಕ್ಷ ಡ್ರೈವರರ ಕೊರತೆಯಿದೆ ಎಂದು ಹೇಳಿ 2019ರಲ್ಲಿ ಅದನ್ನು ತೆಗೆದರು. ನಾವು ವಿರೋಧಿಸುವುದಿಲ್ಲ. ಅಕ್ಷರ ಬಾರದವನ ಕೈಯೂ ಕಣ್ಣೂ ಒಳ್ಳೆಯದಿರಬಹುದು. ಶಾಲೆ ಬಿಡಿಸಿದ ಬಡತನಕ್ಕೆ ಅವನಿಗೇ ಇನ್ನೊಮ್ಮೆ ಶಿಕ್ಷೆ ಯಾಕೆ? ಶಾಲೆಯ ಬದಲು ಒಳ್ಳೆಯ ತರಬೇತಿ ಎಂದರು. 2021ರಲ್ಲಿ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ನಿಯಮ ಬಂತು. ಲಘು ವಾಹನಕ್ಕೆ 29 ಗಂಟೆ, ಭಾರೀ ವಾಹನಕ್ಕೆ 38 ಗಂಟೆ. ಅಲ್ಲಿ ಪಾಸಾದವನು ಆರ್.ಟಿ.ಓ. ಕಚೇರಿಯ ಡ್ರೈವಿಂಗ್ ಪರೀಕ್ಷೆಗೆ ಹೋಗಬೇಕಾಗಿಲ್ಲ. ಗಂಟೆ ಹೆಚ್ಚಿದ್ದು ಒಳ್ಳೆಯದು. ಆದರೆ ಫೀಸು ತೆಗೆದುಕೊಳ್ಳುವವನೇ ಪಾಠ ಹೇಳಿ, ಅವನೇ ಪ್ರಶ್ನೆ ಕೇಳಿ, ಅವನೇ ಪಾಸು ಮಾಡುವ ಶಾಲೆಯಲ್ಲಿ ನಪಾಸಾಗುವವನು ಯಾರು? ಫೀಸು ಕೊಡದವನು!

ಕೆ.ಎಸ್.ಆರ್.ಟಿ.ಸಿ.ಗೆ ತನ್ನದೇ ತರಬೇತಿ ಕೇಂದ್ರಗಳುಂಟು, ನುರಿತ ಬೋಧಕರುಂಟು. ಅಂಥದೊಂದನ್ನು ಉಡುಪಿ ಜಿಲ್ಲೆಯಲ್ಲಿ ತೆರೆದು, ಹದಿನೆಂಟು ತುಂಬಿದ ಹುಡುಗನನ್ನು ಸ್ಟೈಪೆಂಡು ಕೊಟ್ಟು ಕಲಿಸಲಿ. ಇಪ್ಪತ್ತರಿಂದ ಎರಡು ವರ್ಷ, ಪಕ್ಕದಲ್ಲಿ ಹಳೆಯ ಡ್ರೈವರನನ್ನು ಕೂರಿಸಿ, ಹಗಲಲ್ಲಿ ಮೊದಲು, ರಾತ್ರಿಯಲ್ಲಿ ಆಮೇಲೆ, ಊರಲ್ಲಿ ಮೊದಲು, ಘಾಟಿಯಲ್ಲಿ ಕೊನೆಗೆ, ಸಂಬಳ ಕೊಟ್ಟು ನಡೆಸಲಿ. ನಡೆಸಿದ ಗಂಟೆಗಳನ್ನು ಪುಸ್ತಕದಲ್ಲಿ ಬರೆದು ರುಜು ಹಾಕಲಿ. ಅಷ್ಟಾದ ಮೇಲೆ ಇಪ್ಪತ್ತೆರಡಕ್ಕೆ ಪೂರ್ಣ ಲೈಸನ್ಸು ಎಂದರೆ ನಾವು ಕೈ ಎತ್ತಿ ಒಪ್ಪುತ್ತೇವೆ. ಖಾಸಗಿ ಮಾಲಕರೂ ಇದಕ್ಕೆ ತಮ್ಮ ಪಾಲನ್ನು ಕೊಡಬೇಕು. ಡ್ರೈವರು ಸಿಗುವುದಿಲ್ಲ, ಗಲ್ಫಿಗೆ ಹೋದ, ಬೆಂಗಳೂರಿಗೆ ಹೋದ ಎಂದು ಅವರು ಗೋಳಿಡುತ್ತಾರಲ್ಲ? ನಿನ್ನೆ ಕ್ಲೀನರನಾಗಿದ್ದವನನ್ನು ಇಂದು ಸ್ಟೇರಿಂಗಿಗೆ ಕೂರಿಸುವ ಚಟ ಬಿಟ್ಟು ಕಲಿಸಲು ಖರ್ಚು ಮಾಡಲಿ.

ಇನ್ನು ಮುದುಕರ ಮಾತು. ಅರುವತ್ತಕ್ಕೆ ನಿಲ್ಲಿಸಿ ಎನ್ನುವುದು ಸುಲಭ. ಈಗಲೂ ಸಾರಿಗೆ ವಾಹನದ ಲೈಸನ್ಸು ಐದೈದು ವರ್ಷಕ್ಕೆ ನವೀಕರಣವಾಗಬೇಕು, ವೈದ್ಯರ ಸರ್ಟಿಫಿಕೇಟು ಬೇಕು. ಆ ಸರ್ಟಿಫಿಕೇಟು ಹೇಗೆ ಸಿಗುತ್ತದೆಂದು ಓದುಗರಿಗೆ ನಾವು ಹೇಳಬೇಕಾಗಿಲ್ಲ. ಕಣ್ಣಿನ ಪರೀಕ್ಷೆ ನಿಜವಾಗಿ ನಡೆಯಲಿ, ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ದುಡ್ಡಿಲ್ಲದೆ ನಡೆಯಲಿ, ಪೊರೆ ಬಂದಿದ್ದರೆ ತೆಗೆಸಿ ಮತ್ತೆ ಕೆಲಸಕ್ಕೆ ಕಳುಹಿಸಲಿ. ಕೈಕಾಲು ಸೋತವನು ಇಳಿಯಲೇಬೇಕು, ಅದರಲ್ಲಿ ದಾಕ್ಷಿಣ್ಯವಿಲ್ಲ. ಆದರೆ ಇಳಿದವನು ಉಣ್ಣುವುದೇನು? ಪ್ರಾವಿಡೆಂಟ್ ಫಂಡಿನ ಪಿಂಚಣಿಗೆ 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಮೊತ್ತ ತಿಂಗಳಿಗೆ ಒಂದು ಸಾವಿರ ರೂಪಾಯಿ. ಅದೂ ಮಾಲಕನು ಹೆಸರು ಬರೆಸಿ ಹಣ ಕಟ್ಟಿದ್ದರೆ ಮಾತ್ರ. ದಿನದ ಭತ್ತೆಯ ಮೇಲೆ ಮೂವತ್ತು ವರ್ಷ ಬಸ್ಸು ನಡೆಸಿದ ಎಷ್ಟೋ ಮಂದಿಯ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಆತ ಮಂಜಾದ ಕಣ್ಣಿನಲ್ಲಿ ಸ್ಟೇರಿಂಗು ಹಿಡಿದು ಕುಳಿತಿದ್ದರೆ ಅದು ಹಟದಿಂದಲ್ಲ.

ಸಾರಿಗೆ ಪ್ರಾಧಿಕಾರದ ಮುಂದಿನ ಸಭೆಯಲ್ಲಿ ನಮ್ಮ ಕಾರ್ಯಕರ್ತರು ಒಂದೇ ಬೇಡಿಕೆಯನ್ನು ಇಡಲಿದ್ದಾರೆ: ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಎಲ್ಲ ರೂಟುಗಳ ಓಟದ ವೇಳೆಯನ್ನು ಇಂದಿನ ರಸ್ತೆಗೆ ತಕ್ಕಂತೆ ಹೊಸದಾಗಿ ಅಳೆಯಬೇಕು, ಅಳೆಯುವಾಗ ಡ್ರೈವರರ ಪ್ರತಿನಿಧಿ ಬಸ್ಸಿನಲ್ಲಿರಬೇಕು, ಗೊತ್ತಾದ ನಿಮಿಷಗಳನ್ನು ಎಲ್ಲ ನಿಲ್ದಾಣಗಳಲ್ಲೂ ಬೋರ್ಡಿನ ಮೇಲೆ ಬರೆಸಬೇಕು. ಇದಕ್ಕೆ ನಮಗೆ ಬರೀ ಭಾಷಣ ಸಾಲದು, ಲೆಕ್ಕ ಬೇಕು. ಆದುದರಿಂದ ಕಾರ್ಮಿಕ ಬಂಧುಗಳೂ ವ್ಯಾಪಾರಿ ಮಿತ್ರರೂ ಒಂದು ವಾರ ತಾವು ಹತ್ತುವ ಬಸ್ಸು ಎಲ್ಲಿಂದ ಎಷ್ಟು ಗಂಟೆಗೆ ಹೊರಟಿತು, ಎಲ್ಲಿಗೆ ಎಷ್ಟಕ್ಕೆ ಮುಟ್ಟಿತು, ನಡುವೆ ಎಲ್ಲಿ ನಿಂತಿತು, ಎಲ್ಲಿ ನಿಲ್ಲದೆ ಹೋಯಿತು ಎಂಬುದನ್ನು ಚೀಟಿಯಲ್ಲಿ ಬರೆದು ನಮ್ಮ ಕಚೇರಿಗೆ ತಲಪಿಸಬೇಕು. ಬಸ್ಸಿನ ಹೆಸರು ಬರೆಯಿರಿ, ಡ್ರೈವರನ ಹೆಸರು ಬೇಡ.